ಸತೀರ್ಥ್ಯರ ಪಂಕ್ತಿ

ಸಂಸ್ಕೃತದಲ್ಲಿ ವಿದ್ಯಾರ್ಥಿಯನ್ನು ಹೇಳುವ ಹೆಸರುಗಳು ಹಲವು. ಅವುಗಳೊಳಗೆ ಎರಡು ವಿಶೇಷವಾಗಿ ವಿಚಾರಾರ್ಹವಾದವು. ಒಂದು ‘ಅಂತೇವಾಸಿ’, ಗುರುವಿನ ಸಮೀಪದಲ್ಲಿ ವಾಸಮಾಡುವವನೆಂದು ಅದರ ಅರ್ಥ. ಇನ್ನೊಂದು ‘ಸತೀರ್ಥ್ಯ’. ಇಲ್ಲಿ ತೀರ್ಥವೆಂದರೆ ಗುರುವು. ಒಬ್ಬನೇ ಗುರುವಿನಲ್ಲಿ ಕೂಡಿ ವಾಸಮಾಡುವವರು ಸತೀರ್ಥ್ಯರು. ಈ ಶಬ್ದದ ಸಿದ್ಧಿಗಾಗಿ ಪಾಣಿನಿಯು ಪ್ರತ್ಯೇಕವಾದ ಸೂತ್ರವನ್ನೇ ರಚಿಸಿರುವನು. ಈ ಎರಡೂ ಹೆಸರುಗಳಲ್ಲಿ ಓದಿನ ಮಾತೇ ಇಲ್ಲದೆ ವಾಸದ ಮಾತು ಮಾತ್ರ ಇರುವದು ಸೋಜಿಗವೆನಿಸಬಹುದು. ಆದರೆ ಪೂರ್ವಿಕರ ಅಭಿಪ್ರಾಯವು ಇದರಿಂದ ಸ್ಪಷ್ಟವಾಗುವದು. ಒಂದು ಸೂರಿನ ಕೆಳಗೆ ಮಲಗಿ, ಒಂದು ಪಾಕದ ಅನ್ನವನ್ನು ಉಂಡು, ಒಬ್ಬರ ಸುಖದುಃಖಗಳನ್ನು ಇನ್ನೊಬ್ಬರು ಕಂಡು ಬೆಳೆದವರೇ ಸಹಪಾಠಿಗಳೆಂದು ಅವರು ತಿಳಿದಿದ್ದರು. ಆದರೆ ಆ ಸೂರಿನ ಕೆಳಗೆ ಬರಲು ಯಾರಿಗೆ ಅಧಿಕಾರವುಂಟೆಂಬ ಪ್ರಶ್ನೆಗೆ ಆಚಾರವು ಕೊಟ್ಟ ಉತ್ತರವು ಬಹಳ ಸಂಕುಚಿತವಾಗಿದ್ದಿತೆಂಬುದನ್ನೂ ಮರೆಮಾಚತಕ್ಕದ್ದಲ್ಲ. ಹೆಸರು ವಿಶಾಲವಾಗಿದ್ದಿತು, ಪಂಕ್ತಿಯು ಚಿಕ್ಕದಾಗಿದ್ದಿತು.

ಈಗಿನ ಮಹಾವಿದ್ಯಾಲಯಗಳಲ್ಲಿ ವೈವಿಧ್ಯ, ಸರ್ವಸಮಾವೇಶ, ಪರಸ್ಪರರ ಸಂಸ್ಕೃತಿಯ ಅರಿವು ಮುಂತಾದ ಮಾತುಗಳು ಬಹಳವಾಗಿ ಕೇಳಬರುತ್ತಿವೆ. ಮಾತುಗಳು ಹೊಸವಾದರೂ ಪ್ರಶ್ನೆಯು ಹಳೆಯದು. ಭಿನ್ನಭಿನ್ನ ಕುಲ, ಮತ, ಭಾಷೆಗಳ ಮಕ್ಕಳನ್ನು ಒಂದು ವಿದ್ಯಾಲಯದೊಳಗೆ ತರುವದು ಹೇಗೆ, ತಂದ ಮೇಲೆ ಅವರನ್ನು ಸತೀರ್ಥ್ಯರನ್ನಾಗಿ ಮಾಡುವದು ಹೇಗೆ ಎಂಬ ಪ್ರಯತ್ನವು ಕೃಷ್ಣಾ ನದಿಯ ಆಚೀಚೆಗಿನ ಪ್ರಾಂತದಲ್ಲಿ ನೂರು ವರ್ಷಗಳಿಗೂ ಹಿಂದೆಯೇ ನಡೆದುಹೋಗಿದೆ. ಅದರ ಇತಿಹಾಸವು ಧಾರವಾಡದ ಒಂದು ಶಾಲೆಯ ಬಾಗಿಲಿನಿಂದ ಮೊದಲಾಗಿ ಸಾತಾರೆಯ ಒಂದು ಅಡಿಗೆಮನೆಯವರೆಗೆ ಹಬ್ಬಿರುವದು.

1856ನೆಯ ಇಸವಿಯಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶವನ್ನು ಬೇಡಿ ಮಹಾರ ಜಾತಿಯ ಹುಡುಗನೊಬ್ಬನ ಅರ್ಜಿಯು ಬಂದಿತು. ಶಾಲೆಯಲ್ಲಿ ಅವನಿಗೆ ಸ್ಥಳ ದೊರೆಯಲಿಲ್ಲ. ಪ್ರಕರಣವು ಮುಂಬಯಿ ಸರಕಾರದವರೆಗೆ ಹೋಯಿತು. ನ್ಯಾಯವು ಹುಡುಗನ ಪಕ್ಷದಲ್ಲಿರುವದೆಂಬುದನ್ನು ಸರಕಾರವು ಅಲ್ಲಗಳೆಯಲಿಲ್ಲ. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆಯನ್ನು ಬಿಟ್ಟು ಹೋಗಬಹುದು, ಆಗ ಶಾಲೆಯೇ ನಿರುಪಯೋಗವಾಗುವದು ಎಂದು ಹೇಳಿ ಅದು ಕೈಕಟ್ಟಿ ಕುಳಿತುಕೊಂಡಿತು. 1858ರಲ್ಲಿ ಲಂಡನ್ನಿನ ಕಂಪನಿಯ ನಿರ್ದೇಶಕ ಮಂಡಲವು, ಸರಕಾರದ ವಿದ್ಯಾಲಯಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂಬ ತತ್ತ್ವವನ್ನು ಬಿಟ್ಟುಕೊಡಲಾಗದೆಂದು ತಿಳಿಸಿತು. 1882ರ ಹಂಟರ್ ಆಯೋಗವೂ ಅದೇ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಅದನ್ನು ಬಹಳ ಎಚ್ಚರಿಕೆಯಿಂದ ನಡೆಯಿಸಬೇಕೆಂದೂ, ಅವಶ್ಯವಿದ್ದಲ್ಲಿ ಬೇರೆ ಶಾಲೆಗಳನ್ನು ತೆರೆಯಬಹುದೆಂದೂ ಅದಕ್ಕೆ ಜೋಡಿಸಿತು. ಹೀಗೆ ಬಾಗಿಲು ಕಾಗದದ ಮೇಲೆ ತೆರೆಯಿತು. ಊರಿನಲ್ಲಿ ಬಹುಕಾಲ ಮುಚ್ಚಿಯೇ ಇದ್ದಿತು.

ಬಾಗಿಲು ನಿಜವಾಗಿ ತೆರೆದಲ್ಲಿಯೂ ಒಳಗೆ ಬರತಕ್ಕವರು ಯಾರು? ಈ ಮಾತನ್ನು ತಿಳಿಯಬೇಕಾದರೆ ಅಂದಿನ ಬಡ ವಿದ್ಯಾರ್ಥಿಗಳ ಹೊಟ್ಟೆಯ ವ್ಯವಸ್ಥೆಯನ್ನು ನೋಡಬೇಕು. ಪ್ರೌಢಶಾಲೆಗಳೂ ಕಾಲೇಜುಗಳೂ ದೊಡ್ಡ ಊರುಗಳಲ್ಲಿ ಮಾತ್ರ ಇದ್ದವು. ಹಳ್ಳಿಯಿಂದ ಬಂದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವೆಂಬ ಆಸರೆಯಿದ್ದಿತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳ ಗೃಹಿಣಿಯರು ಅವನನ್ನು ಸಾಕುತ್ತಿದ್ದರು. ಮಲಗುವದಕ್ಕೆ ಯಾವದಾದರೊಂದು ದೇವಸ್ಥಾನದ ಪೌಳಿಯೋ ಬಂಧುವಿನ ಪಡಸಾಲೆಯೋ ಸಿಕ್ಕುತ್ತಿದ್ದಿತು. ಈ ಧರ್ಮದಿಂದ ಎಷ್ಟೋ ಮಂದಿ ಪಂಡಿತರೂ ವಕೀಲರೂ ಅಧಿಕಾರಿಗಳೂ ಮೇಲೆ ಬಂದರು; ಅದು ಸ್ತುತ್ಯವಾದುದೇ ಸರಿ. ಆದರೆ ಒಕ್ಕಲಿಗನ ಮಗನಿಗೂ, ಕುರುಬನ ಮಗನಿಗೂ, ಮುಸಲ್ಮಾನನ ಮಗನಿಗೂ ಪೇಟೆಯಲ್ಲಿ ಏಳು ಮನೆಗಳಿರಲಿಲ್ಲ. ಊರ ಹೊರಗಿನವನೆನಿಸಿಕೊಂಡವನಿಗೆ ಒಂದು ಮನೆಯ ಅಂಗಳವೂ ಇರಲಿಲ್ಲ. ಆದಕಾರಣ ಬುದ್ಧಿಯಲ್ಲಿ ಸಮಾನರಾದ ಇಬ್ಬರು ಹುಡುಗರಲ್ಲಿ ಒಬ್ಬನು ಕಾಲೇಜನ್ನು ಸೇರಿದನು, ಇನ್ನೊಬ್ಬನು ನೇಗಿಲಿಗೆ ಮರಳಿದನು. ಕೆಲವು ಕುಲಗಳಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದು ಆಗ ಆಡುತ್ತಿದ್ದ ಮಾತಿಗೆ ಬಹುಮಟ್ಟಿಗೆ ಅನ್ನದ ಅಭಾವವೇ ಕಾರಣವಾಗಿದ್ದಿತು.

ಈ ಮರ್ಮವನ್ನು ಚೆನ್ನಾಗಿ ಅರಿತುಕೊಂಡ ಅರಸರೆಂದರೆ ಕೊಲ್ಲಾಪುರದ ಶಾಹು ಛತ್ರಪತಿಗಳು. 1874ರಲ್ಲಿ ಜನಿಸಿದ ಇವರು 1894ರಲ್ಲಿ ರಾಜ್ಯಭಾರವನ್ನು ವಹಿಸಿಕೊಂಡರು. ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗವೂ ಅಂದು ಈ ಸಂಸ್ಥಾನಕ್ಕೆ ಸೇರಿದ್ದಿತಾದ್ದರಿಂದ ಇವರ ಪ್ರಜೆಗಳಲ್ಲಿ ಕನ್ನಡಿಗರೂ ಇದ್ದರು. ಪಟ್ಟಕ್ಕೆ ಬಂದಾಗ ಸಂಸ್ಥಾನದ ಸಾಮಾನ್ಯ ಆಡಳಿತದ 71 ಅಧಿಕಾರ ಸ್ಥಾನಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿರುವದನ್ನು ಮಹಾರಾಜರು ಕಂಡರು. ಉಳಿದವರನ್ನು ನೇಮಿಸೋಣವೆಂದರೆ ಓದಿದವರು ಸಿಕ್ಕುವದಿಲ್ಲ. ಓದಿಸೋಣವೆಂದರೆ ಹಳ್ಳಿಯ ಹುಡುಗರು ಪಟ್ಟಣದಲ್ಲಿ ನಿಲ್ಲುವದಿಲ್ಲ. 1896ರಲ್ಲಿ ರಾಜಾರಾಮ ಕಾಲೇಜಿಗೆ ಹೊಂದಿ ಎಲ್ಲ ಜಾತಿಯವರಿಗಾಗಿ ಒಂದು ವಿದ್ಯಾರ್ಥಿನಿಲಯವನ್ನು ತೆರೆಯಿಸಿ ನೋಡಿದರು. ಹೆಸರಿಗೆ ಅದು ಸರ್ವರದು; ಆದರೆ ಕೆಲವು ವರ್ಷಗಳೊಳಗೆ ಅದರ ಪ್ರಯೋಜನವು ಮುಂದುವರಿದ ವರ್ಗದ ಹುಡುಗರಿಗೆ ಮಾತ್ರ ದೊರೆಯುವಂತಾಯಿತು. ಬಾಗಿಲ ಮೇಲೆ ‘ಎಲ್ಲರಿಗೂ’ ಎಂದು ಬರೆದ ಮಾತ್ರಕ್ಕೆ ಎಲ್ಲರೂ ಒಳಗೆ ಬರುವದಿಲ್ಲವೆಂಬ ಪಾಠವನ್ನು ಮಹಾರಾಜರು ಇದರಿಂದ ಕಲಿತರು.

ಅಲ್ಲಿಂದ ಮುಂದೆ ಅವರು ಹಿಡಿದ ದಾರಿಯು ಬೇರೆ. 1901ರಲ್ಲಿ ಮರಾಠಾ ಹುಡುಗರಿಗಾಗಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗು ತೆರೆಯಿತು. ಅದೇ ವರ್ಷ ದಿಗಂಬರ ಜೈನರ ಬೋರ್ಡಿಂಗೂ ಮೊದಲಾಯಿತು. 1906ರಲ್ಲಿ ಮುಸಲ್ಮಾನರಿಗೆ, 1907ರಲ್ಲಿ ವೀರಶೈವರಿಗೆ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಹೀಗೆ ಒಂದರ ಹಿಂದೆ ಒಂದು ವಿದ್ಯಾರ್ಥಿನಿಲಯಗಳು ಎದ್ದವು. ದೈವಜ್ಞರು, ಸಾರಸ್ವತರು, ಕ್ರೈಸ್ತರು ಮುಂತಾದವರಿಗೂ ಕ್ರಮೇಣ ಒಂದೊಂದು ನಿಲಯವಾಯಿತು. ಮಹಾರಾಜರು ನಿವೇಶನವನ್ನೂ ಕಟ್ಟಡವನ್ನೂ ವರ್ಷಾಸನವನ್ನೂ ಕೊಡುವರು. ಆಯಾ ಸಮಾಜದವರು ವಂತಿಗೆಯನ್ನು ಕೂಡಿಸಿ ಆಡಳಿತವನ್ನು ನೋಡಿಕೊಳ್ಳುವರು. ತಮ್ಮವರ ಮಕ್ಕಳಿಗೆಂದರೆ ಧನಿಕರು ಕೈಬಿಚ್ಚುತ್ತಿದ್ದರು. ತಮ್ಮವರ ಅಡಿಗೆಯೆಂದರೆ ತಾಯಿತಂದೆಗಳು ಹುಡುಗರನ್ನು ಕಳುಹುತ್ತಿದ್ದರು. ಮಾಂಸಾಹಾರ, ಸಸ್ಯಾಹಾರ, ರಾತ್ರಿಭೋಜನತ್ಯಾಗ, ಇಷ್ಟಲಿಂಗಪೂಜೆ, ನಮಾಜು ಇವೆಲ್ಲವೂ ತಮ್ಮತಮ್ಮ ನೆಲೆಯಲ್ಲಿ ನಿರ್ಬಾಧವಾಗಿ ನಡೆಯುತ್ತಿದ್ದವು. 1902ರ ಜುಲೈ 26ರಂದು ಹೊರಟ ಆಜ್ಞೆಯ ಪ್ರಕಾರ ಸಂಸ್ಥಾನದಲ್ಲಿ ಮುಂದೆ ತೆರವಾಗುವ ಸ್ಥಾನಗಳಲ್ಲಿ ನೂರಕ್ಕೆ 50ರಷ್ಟು ಹಿಂದುಳಿದ ವರ್ಗಗಳಿಗೆ ಮೀಸಲಾದವು. ಆ ಆಜ್ಞೆಯು ಬರಿಯ ಮಾತಾಗಿ ಉಳಿಯದಂತೆ ಮಾಡಿದುದು ಈ ವಿದ್ಯಾರ್ಥಿನಿಲಯಗಳೇ. ಕೊಲ್ಲಾಪುರಕ್ಕೆ ವಿದ್ಯಾರ್ಥಿನಿಲಯಗಳ ತೌರುಮನೆಯೆಂಬ ಖ್ಯಾತಿಯು ಬಂದುದು ಹೀಗೆ.

ಕನ್ನಡ ನಾಡಿನಲ್ಲಿಯೂ ಆ ಕಾಲದ ಗಾಳಿಯು ಇದೇ ದಿಕ್ಕಿನಲ್ಲಿ ಬೀಸುತ್ತಿದ್ದಿತು. ಬೆಂಗಳೂರಿನಲ್ಲಿ 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವು ವಿದ್ಯಾರ್ಥಿಗಳ ವಸತಿಯನ್ನು ತನ್ನ ಮುಖ್ಯ ಕಾರ್ಯಗಳಲ್ಲಿ ಒಂದಾಗಿ ಮಾಡಿಕೊಂಡಿತು. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಅಧ್ಯಾಪಕರ ಶ್ರಮದಿಂದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ಹುಟ್ಟಿ, 1933ರಲ್ಲಿ ಲಿಂಗರಾಜ ಕಾಲೇಜನ್ನು ತೆರೆಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ ಹಿಂದುಳಿದವರ ವಿದ್ಯೆ ಮತ್ತು ಉದ್ಯೋಗಗಳ ವಿಚಾರವನ್ನು ಕೈಕೊಂಡರು. ಇವೆಲ್ಲವುಗಳ ಫಲವನ್ನು ಇಂದು ಮನೆಮನೆಯಲ್ಲಿ ಕಾಣಬಹುದಾಗಿದೆ.

ಹೀಗಿದ್ದರೂ ಈ ಏರ್ಪಾಟಿನ ಒಡಲಲ್ಲಿಯೇ ಒಂದು ದೋಷವು ಅಡಗಿದ್ದಿತು. ಹುಡುಗನು ಹಗಲಲ್ಲಿ ಕಾಲೇಜಿನ ಒಂದು ಬೆಂಚಿನ ಮೇಲೆ ಎಲ್ಲರೊಡನೆ ಕುಳಿತುಕೊಳ್ಳುವನು. ಸಂಜೆಯಾದೊಡನೆ ತನ್ನ ಜಾತಿಯ ಹೆಸರಿನ ಹಲಗೆಯ ಕೆಳಗೆ ನುಸುಳುವನು. ಹಳ್ಳಿಯಲ್ಲಿ ಅರೆಬರೆಯಾಗಿ ತಿಳಿದಿದ್ದ ಭೇದವು ಪಟ್ಟಣದಲ್ಲಿ ಅವನಿಗೆ ಪೂರ್ತಿಯಾಗಿ ಕಂಠಸ್ಥವಾಗುವದು. ಈ ದೋಷವು ಎಷ್ಟು ಬೇಗನೆ ಹೊರಬಿದ್ದಿತೆಂಬುದಕ್ಕೆ ಒಂದು ಪ್ರಸಂಗವೇ ಸಾಕ್ಷಿ. 1908ರ ಏಪ್ರಿಲ್ ತಿಂಗಳಲ್ಲಿ ಕೊಲ್ಲಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಪ್ರಾರಂಭೋತ್ಸವವು ನಡೆಯಿತು. ಜೈನ ಬೋರ್ಡಿಂಗಿನಲ್ಲಿದ್ದ ಭಾವೂರಾವ ಪಾಟೀಲನೆಂಬ ಹುಡುಗನು ಆ ಸಮಾರಂಭಕ್ಕೆ ಹೋಗಿಬಂದನು. ಮರಳಿ ಬಂದವನು ಸ್ನಾನಮಾಡಿ ಶುದ್ಧನಾಗಿ ಪಂಕ್ತಿಗೆ ಬರಬೇಕೆಂದು ನಿಲಯದವರು ವಿಧಿಸಿದರೆಂದೂ, ಅವನು ಒಪ್ಪದಿರಲು ನಿಲಯದಿಂದ ಅವನನ್ನು ಹೊರಗೆ ಹಾಕಿದರೆಂದೂ ಅವರ ಚರಿತ್ರಕಾರರು ಹೇಳುವರು. ಹಿಂದುಳಿದವರನ್ನು ಒಳಗೆ ತರಬೇಕೆಂದು ಕಟ್ಟಿದ ಮನೆಯೇ ತನಗಿಂತ ಹಿಂದುಳಿದವನನ್ನು ಮುಟ್ಟಿದವನನ್ನು ಹೊರಗಟ್ಟಿತು.

ವಿದ್ಯೆಯು ಬಂದರೆ ಭೇದವು ತಾನಾಗಿಯೇ ಅಳಿಯುವದೆಂಬ ನಂಬಿಕೆಯೂ ಸುಳ್ಳಾಯಿತು. ಡಾಕ್ಟರ್ ಅಂಬೇಡಕರರು ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು, 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅಧ್ಯಾಪಕರ ಕೋಣೆಯಲ್ಲಿದ್ದ ನೀರಿನ ಪಾತ್ರೆಯಿಂದ ಅವರು ನೀರು ಕುಡಿಯುವದಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪಿಸಿದರು. ಅಲ್ಲಿ ಇದ್ದವರೆಲ್ಲರೂ ವಿದ್ವಾಂಸರೇ, ಒಬ್ಬನಾದರೂ ನಿರಕ್ಷರಿಯಿರಲಿಲ್ಲ. ಪಾಠದ ಕೋಣೆಯಲ್ಲಿ ಒಪ್ಪಿಕೊಂಡ ಸಮಾನತೆಯು ನೀರಿನ ಪಾತ್ರೆಯ ಬಳಿಗೆ ಬಂದಾಗ ಸೋಲುವದೆಂಬುದು ಇದರಿಂದ ಸಿದ್ಧವಾಯಿತು. ಶಾಹು ಮಹಾರಾಜರೂ ಈ ಸತ್ಯವನ್ನು ಕಂಡುಕೊಂಡಿದ್ದಂತೆ ತೋರುವದು. 1919ರಲ್ಲಿ ಅವರು ತಮ್ಮ ಸಂಸ್ಥಾನದಲ್ಲಿ ಅಸ್ಪೃಶ್ಯರಿಗಾಗಿಯೇ ಇದ್ದ ಬೇರೆ ಶಾಲೆಗಳನ್ನು ಮುಚ್ಚಿಸಿ, ಆ ಮಕ್ಕಳನ್ನು ಎಲ್ಲರ ಶಾಲೆಗಳಲ್ಲಿಯೇ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿದರು. 1922ರಲ್ಲಿ ಅವರು ತೀರಿಕೊಂಡರು. ಉಳಿದ ಕೆಲಸವನ್ನು ಮುಂದೆ ನಡೆಯಿಸಿದವನು, ಹದಿನಾಲ್ಕು ವರ್ಷಗಳ ಹಿಂದೆ ಜೈನ ಬೋರ್ಡಿಂಗಿನಿಂದ ಹೊರಬಿದ್ದಿದ್ದ ಆ ಹುಡುಗನೇ.

ಭಾವೂರಾವ ಪಾಟೀಲರು 1887ರಲ್ಲಿ ಕುಂಭೋಜ ಗ್ರಾಮದಲ್ಲಿ ಹುಟ್ಟಿದರು. ಅವರ ಪೂರ್ವಿಕರು ದಕ್ಷಿಣ ಕನ್ನಡದ ಮೂಡಬಿದರೆಯ ಕಡೆಯ ಜೈನರೆಂದು ಪ್ರತೀತಿಯುಂಟು. ಮೆಟ್ರಿಕ್ ಪರೀಕ್ಷೆಯನ್ನೂ ದಾಟದ ಈ ಪುರುಷರು ಒಂದು ಪ್ರಾಂತದ ವಿದ್ಯಾಗುರುಗಳಾದುದು ಆಶ್ಚರ್ಯವೇ ಸರಿ. 1919ರಲ್ಲಿ ಕರಾಡದ ಹತ್ತಿರದ ಕಾಲೆಯೆಂಬ ಹಳ್ಳಿಯಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಅದರ ಕಾರ್ಯಕ್ಷೇತ್ರವನ್ನು ಸಾತಾರೆಗೆ ತಂದು ಅಲ್ಲಿ ಒಂದು ವಿದ್ಯಾರ್ಥಿನಿಲಯವನ್ನು ತೆರೆದರು. ಈ ನಿಲಯಕ್ಕೆ ಯಾವ ಜಾತಿಯ ಹೆಸರೂ ಇರಲಿಲ್ಲ. ಮರಾಠ, ಮಹಾರ, ಮಾಂಗ, ಜೈನ, ಮುಸಲ್ಮಾನ ಎಲ್ಲ ಹುಡುಗರೂ ಅಲ್ಲಿ ಬಂದರು. ಅಡಿಗೆಯವರನ್ನಿಡುವದಕ್ಕೆ ಹಣವಿರಲಿಲ್ಲ, ಇದ್ದರೂ ಇಡುವ ಮನಸ್ಸು ಪಾಟೀಲರಿಗಿರಲಿಲ್ಲ. ಹುಡುಗರು ತಾವೇ ನೀರು ಹೊರುವರು, ಹಿಟ್ಟು ಬೀಸುವರು, ರೊಟ್ಟಿ ಬಡಿಯುವರು, ಪಾತ್ರೆ ತಿಕ್ಕುವರು, ಹೊಲದಲ್ಲಿ ದುಡಿಯುವರು. ದುಡಿದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವರು. ಇಂದು ಯಾರು ರೊಟ್ಟಿ ಬಡಿದರು, ಯಾರು ನೀರು ತಂದರು ಎಂಬುದು ಸರದಿಯ ಮಾತೇ ಹೊರತು ಕುಲದ ಮಾತಾಗಿರಲಿಲ್ಲ. ಪರಸ್ಪರರ ಆಚಾರವನ್ನು ತಿಳಿದುಕೊಳ್ಳಬೇಕೆಂದು ಅಲ್ಲಿ ಉಪನ್ಯಾಸಗಳು ಬೇಕಾಗಲಿಲ್ಲ. ಒಂದು ಒಲೆಯ ಮುಂದೆ ಕೂಡಿ ಕುಳಿತವರಿಗೆ ಅದು ತಾನಾಗಿಯೇ ತಿಳಿಯುತ್ತಿದ್ದಿತು.

ಈ ಪಂಕ್ತಿಗೆ ಬೆಲೆ ತೆತ್ತವರು ಅನೇಕರು. ಅವರೊಳಗೆ ಮೊದಲನೆಯವರು ಪಾಟೀಲರ ಪತ್ನಿ ಲಕ್ಷ್ಮೀಬಾಯಿಯವರು. ಆಚಾರವಂತ ಜೈನ ಮನೆತನದಿಂದ ಬಂದ ಈ ಸಾಧ್ವಿಯು ಎಲ್ಲ ಜಾತಿಯ ಹುಡುಗರಿಗೂ ತಾಯಿಯಾಗಿ ಬಡಿಸಿದಳು. ನಿಲಯದಲ್ಲಿ ಕಾಳು ತೀರಿದಾಗ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಕೊಟ್ಟಳು. ಕಡೆಗೆ ಮಂಗಳಸೂತ್ರವೂ ಹೋಯಿತು. 1930ರಲ್ಲಿ ಆಕೆಯು ಕಾಲವಾದಳು. ಕುಲಾಚಾರವನ್ನು ಬಿಡುವದು ಭಾಷಣಕಾರರಿಗೆ ಸುಲಭ. ಅಡಿಗೆಮನೆಯನ್ನು ಆಳುವ ಹೆಣ್ಣಿಗೆ ಅದು ಎಷ್ಟು ಕಷ್ಟವೆಂಬುದನ್ನು ಗೃಹಸ್ಥರಾದ ವಾಚಕರು ಬಲ್ಲರು. ಆದಕಾರಣ ಈ ಇತಿಹಾಸದಲ್ಲಿ ಆಕೆಯ ಸ್ಥಾನವು ಅರಸರ ಸ್ಥಾನಕ್ಕಿಂತ ಕೆಳಗಿನದಲ್ಲ.

1927ರ ಫೆಬ್ರುವರಿ 25ರಂದು ಮಹಾತ್ಮಾ ಗಾಂಧಿಯವರು ಸಾತಾರೆಗೆ ಬಂದು ಈ ನಿಲಯಕ್ಕೆ ಶ್ರೀ ಛತ್ರಪತಿ ಶಾಹು ಬೋರ್ಡಿಂಗು ಎಂದು ನಾಮಕರಣ ಮಾಡಿದರು. ಬೇರೆಬೇರೆ ನಿಲಯಗಳನ್ನು ಕಟ್ಟಿಸಿದ ಅರಸರ ಹೆಸರು ಕೂಡು ಪಂಕ್ತಿಯ ನಿಲಯಕ್ಕೆ ಬಂದುದು ಅರ್ಥವತ್ತಾಗಿದೆ. ಮೊದಲಿನದು ಇಲ್ಲದಿದ್ದರೆ ಎರಡನೆಯದಕ್ಕೆ ನೆಲೆಯಿರುತ್ತಿರಲಿಲ್ಲ. 1932ರಲ್ಲಿ ಗಾಂಧಿ-ಅಂಬೇಡಕರರ ನಡುವೆ ಪುಣೆಯ ಒಪ್ಪಂದವಾದ ಮೇಲೆ ಅದರ ಸ್ಮರಣಾರ್ಥವಾಗಿ ಪಾಟೀಲರು ಪುಣೆಯಲ್ಲಿಯೂ ಯೂನಿಯನ್ ಬೋರ್ಡಿಂಗೆಂಬ ನಿಲಯವನ್ನು ತೆರೆದರು. 1947ರಲ್ಲಿ ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜು ಪ್ರಾರಂಭವಾಯಿತು. ಬಡ ವಿದ್ಯಾರ್ಥಿಯು ಅಲ್ಲಿ ತನ್ನ ಮೈಬೆವರಿನಿಂದಲೇ ವಿದ್ಯೆಯ ವೆಚ್ಚವನ್ನು ಗಳಿಸಿಕೊಳ್ಳಬಹುದಾಗಿದ್ದಿತು. ಶಾಲೆಯ ಬಾಗಿಲಲ್ಲಿ ನಿಂತು ಹಿಂದಿರುಗಿದ ಧಾರವಾಡದ ಹುಡುಗನಂಥವನು, 91 ವರ್ಷಗಳ ತರುವಾಯ ಕೈ ಚಾಚದೆ ಕಾಲೇಜಿನೊಳಗೆ ಕಾಲಿಡುವಂತಾಯಿತು. ಅದರ ಹಿಂದಿನ ವರ್ಷವೇ, ಎಂದರೆ 1946ರಲ್ಲಿ, ಅಂಬೇಡಕರರು ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಿದ್ದರು. ಅದರ ಬಾಗಿಲೂ ಎಲ್ಲ ಸಮಾಜದವರಿಗೆ ತೆರೆದಿದ್ದಿತು. ಪಾಟೀಲರು 1959ರಲ್ಲಿ ನಿಧನ ಹೊಂದಿದರು. ಜನರು ಅವರನ್ನು ಕರ್ಮವೀರರೆಂದು ಕರೆದರು. ಅವರ ಸಂಸ್ಥೆಯ ಲಾಂಛನವು ಆಲದ ಮರ.

ಕನ್ನಡ ನಾಡಿನಲ್ಲಿ ಇಂಥ ಪಂಕ್ತಿಯನ್ನು ಕಾಣಬೇಕಾದರೆ ತುಮಕೂರಿನ ಸಿದ್ಧಗಂಗೆಗೆ ಹೋಗಬೇಕು. 1917ರಲ್ಲಿ ಒಂದು ಸಂಸ್ಕೃತ ಪಾಠಶಾಲೆಯಿಂದ ಮೊದಲಾದ ಅಲ್ಲಿಯ ವಿದ್ಯಾದಾನವು 1963ರಲ್ಲಿ ತಾಂತ್ರಿಕ ಮಹಾವಿದ್ಯಾಲಯದವರೆಗೆ ಬೆಳೆಯಿತು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನು ಕೇಳದೆ ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟರು. ಈ ಮೂರಕ್ಕೆ ತ್ರಿವಿಧ ದಾಸೋಹವೆಂದು ಹೆಸರು. ಅದರಲ್ಲಿ ಅನ್ನವೇ ಮೊದಲನೆಯದಾಗಿರುವದು ಗಮನಾರ್ಹ. ಶಿವಶರಣರ ದಾಸೋಹತತ್ತ್ವವು ವಿದ್ಯಾಲಯದ ರೂಪವನ್ನು ತಾಳಿದಾಗ ಹೇಗಿರುವದೆಂಬುದಕ್ಕೆ ಇದೊಂದು ಉದಾಹರಣೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿತು. ಸರಕಾರದ ಹಣದಿಂದ ನಡೆಯುವ ವಿದ್ಯಾಲಯಗಳಲ್ಲಿ ಮತ, ಜಾತಿ, ಭಾಷೆಗಳ ಕಾರಣದಿಂದ ಪ್ರವೇಶವನ್ನು ನಿರಾಕರಿಸಲಾಗದೆಂದು ವಿಧಿಸಿತು. 1951ರ ತಿದ್ದುಪಡಿಯಿಂದ ಹಿಂದುಳಿದವರಿಗೆ ವಿಶೇಷ ಸೌಕರ್ಯಗಳನ್ನು ಮಾಡಿಕೊಡುವ ಅಧಿಕಾರವೂ ಸರಕಾರಗಳಿಗೆ ಸ್ಪಷ್ಟವಾಗಿ ದೊರೆಯಿತು. 1856ರ ಬಾಗಿಲು ಈಗ ನ್ಯಾಯವಾಗಿ ಪೂರ್ತಿ ತೆರೆದಿದೆ. ಆದರೆ ಪಂಕ್ತಿಯ ಪ್ರಶ್ನೆಯು ಕಾನೂನಿನಿಂದ ಮುಗಿಯಲಿಲ್ಲ. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳ ದೂರುಗಳನ್ನು ವಿಚಾರಿಸಲು ನೇಮಿತವಾದ ಥೋರಾಟ್ ಸಮಿತಿಯು 2007ರಲ್ಲಿ ವರದಿಯನ್ನು ಕೊಟ್ಟಿತು. ಆ ವಿದ್ಯಾರ್ಥಿಗಳು ಕಿರುಕುಳಕ್ಕೆ ಒಳಗಾಗಿ ನಿಲಯದ ಕೆಲವು ಅಂತಸ್ತುಗಳಿಗೆ ಸರಿದು, ಅಲ್ಲಿಯೇ ಗುಂಪಾಗಿ ವಾಸಮಾಡುವಂತಾದುದು ಅದರಿಂದ ತಿಳಿದುಬಂದಿತು. ಕೊಲ್ಲಾಪುರದಲ್ಲಿ ಬೇರೆಬೇರೆ ಮನೆಗಳಿದ್ದವು. ಇಲ್ಲಿ ಒಂದೇ ಮನೆಯಲ್ಲಿ ಬೇರೆಬೇರೆ ಅಂತಸ್ತುಗಳಾದವು. ಕೊಲ್ಲಾಪುರದ ವಿಭಾಗವು ಮೇಲೆತ್ತುವದಕ್ಕಾಗಿ ಆದದ್ದು. ದಿಲ್ಲಿಯದು ದೂರವಿಡುವದರಿಂದ ಆದದ್ದು. 2012ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಭೇದವನ್ನು ತಡೆಯುವ ನಿಯಮಗಳನ್ನು ಮಾಡಿ, ಅದರಲ್ಲಿ ವಿದ್ಯಾರ್ಥಿನಿಲಯದ ವಿಚಾರವನ್ನೂ ಸೇರಿಸಬೇಕಾಗಿ ಬಂದಿತು.

ಈ ಇತಿಹಾಸವನ್ನು ಪರ್ಯಾಲೋಚಿಸಿದರೆ ಎರಡು ಸಂಗತಿಗಳು ತಿಳಿಯುವವು. ಬರಿಯ ‘ಸರ್ವರಿಗೂ ಸ್ವಾಗತ’ವೆಂಬ ಘೋಷಣೆಯಿಂದ ದುರ್ಬಲನು ಒಳಗೆ ಬರಲಾರನು, ಅವನ ಅನ್ನ, ವಸತಿ, ಆಚಾರಗಳಿಗೆ ಪ್ರತ್ಯೇಕವಾಗಿ ಲಕ್ಷ್ಯವನ್ನು ಕೊಡಲೇಬೇಕು. ಇದು ಶಾಹು ಮಹಾರಾಜರ ಪಾಠ. ಪ್ರತ್ಯೇಕವಾದ ಲಕ್ಷ್ಯದಲ್ಲಿಯೇ ನಿಂತುಬಿಟ್ಟರೆ ಒಳಗೆ ಬಂದವರು ನೆರೆಹೊರೆಯವರಾಗಿ ಉಳಿಯುವರೇ ಹೊರತು ಸತೀರ್ಥ್ಯರಾಗುವದಿಲ್ಲ. ಕೂಡಿ ದುಡಿಯುವ, ಕೂಡಿ ಉಣ್ಣುವ ಒಂದು ಸ್ಥಳವು ಅವರಿಗೆ ಬೇಕು. ಇದು ಕರ್ಮವೀರರ ಪಾಠ. ಎರಡನೆಯದನ್ನು ಮುಂದೆ ಮಾಡಿ ಮೊದಲನೆಯದನ್ನು ಬಿಡುವವರು ಬಡವನನ್ನು ಹೊರಗೆ ನಿಲ್ಲಿಸುವರು. ಮೊದಲನೆಯದನ್ನೇ ಹಿಡಿದು ಎರಡನೆಯದನ್ನು ಮರೆಯುವವರು ಹಳೆಯ ಗೋಡೆಗಳಿಗೆ ಹೊಸ ಸುಣ್ಣವನ್ನು ಬಳಿಯುವರು.

ಇಂದು ಕರ್ನಾಟಕದ ಮಹಾವಿದ್ಯಾಲಯಗಳಿಗೆ ಈಶಾನ್ಯ ಭಾರತದಿಂದಲೂ ಕಾಶ್ಮೀರದಿಂದಲೂ ಆಫ್ರಿಕೆಯ ದೇಶಗಳಿಂದಲೂ ವಿದ್ಯಾರ್ಥಿಗಳು ಬರುತ್ತಿರುವರು. ಹಳ್ಳಿಯಿಂದ ಬಂದ ಕನ್ನಡದ ಹುಡುಗಿಯು ಇಂಗ್ಲಿಷಿನ ಭಯದಿಂದ ಹಿಂದಿನ ಬೆಂಚಿನಲ್ಲಿ ಕುಳಿತಿರುವಳು. ಮಕ್ಕಳನ್ನು ಕಾಲೇಜಿಗೆ ಸೇರಿಸಲು ಹೋಗುವ ತಾಯಿತಂದೆಗಳು ಅಲ್ಲಿಯ ಕಟ್ಟಡವನ್ನೂ ಫಲಿತಾಂಶದ ಪಟ್ಟಿಯನ್ನೂ ನೋಡಿ ಬರುವದು ವಾಡಿಕೆ. ಅದರೊಡನೆ ಊಟದ ಹೊತ್ತಿಗೆ ವಿದ್ಯಾರ್ಥಿನಿಲಯದ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಯಾರ ಪಕ್ಕದಲ್ಲಿ ಯಾರು ಕುಳಿತಿರುವರು, ಒಬ್ಬಂಟಿಯಾಗಿ ಉಣ್ಣುವವರು ಯಾರು ಎಂಬುದನ್ನೂ ನೋಡತಕ್ಕದ್ದು. ಆ ವಿದ್ಯಾಲಯದಲ್ಲಿ ನಿಜವಾಗಿ ಏನನ್ನು ಕಲಿಸುವರೆಂಬುದು ಅಲ್ಲಿ ತಿಳಿಯುವದು.